ಟೊಮೆಟೊ ಬೀಜ ಮೊಳೆಯುತ್ತಿಲ್ಲವೇ? ಮತ್ತೆ ಬಿತ್ತುವ ಮೊದಲು ಮಣ್ಣು ಕೆದಕಿ ನೋಡಿ

ಟೊಮೆಟೊ ಬೀಜ ಹಟಮಾರಿ ಬೀಜವಲ್ಲ. ಬೆಚ್ಚಗಿನ ಮಣ್ಣು, ಹದವಾದ ತೇವ, ಒಂದಿಷ್ಟು ಗಾಳಿ ಸಿಕ್ಕರೆ ಸುಮಾರು ವಾರದಲ್ಲಿ ತಲೆ ಎತ್ತುತ್ತದೆ. ಅದು ಬರದೇ ಇದ್ದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಇನ್ನಷ್ಟು ನೀರು ಹಾಕುತ್ತಾರೆ, ಇಲ್ಲವೇ ಅದೇ ಟ್ರೇಗೆ ಇನ್ನಷ್ಟು ಬೀಜ ಉದುರಿಸುತ್ತಾರೆ. ಕಾರಣ ಗೊತ್ತಿಲ್ಲದೆ ಮಾಡಿದರೆ ಎರಡೂ ದಂಡ. ಮೊದಲ ಸಲದ ಬೀಜ ಕೊಳೆತಿದ್ದರೆ ಎರಡನೇ ಸಲದ್ದೂ ಅಲ್ಲೇ ಕೊಳೆಯುತ್ತದೆ.

ಆದ್ದರಿಂದ ಊಹೆ ಬೇಡ. ಮಣ್ಣು ಕೆದಕಿ, ಒಂದೆರಡು ಬೀಜ ಹೊರಗೆ ತೆಗೆದು ನೋಡಿ. ಏನಾಗಿದೆ ಎಂದು ಬೀಜವೇ ಹೇಳುತ್ತದೆ. ಒಂದೆರಡು ಬೀಜ ಹಾಳಾದರೂ ಚಿಂತೆಯಿಲ್ಲ, ಉಳಿದವನ್ನು ಉಳಿಸಿಕೊಳ್ಳಬಹುದು.

ಈ ಬರಹವನ್ನು ಕಣ್ಣಿಗೆ ಕಾಣುವ ಲಕ್ಷಣಗಳ ಪ್ರಕಾರ ಭಾಗ ಮಾಡಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ನಿಮ್ಮ ಟ್ರೇಯಲ್ಲಿ ಏನು ಕಾಣುತ್ತಿದೆಯೋ ಆ ಭಾಗಕ್ಕೆ ನೇರವಾಗಿ ಹೋಗಿ.

## ಬಿತ್ತಿ ಇಷ್ಟು ದಿನವಾದರೂ ಏನೂ ಮೇಲೆ ಬಂದಿಲ್ಲ

ಮೊದಲು ದಿನ ಎಣಿಸಿ. ತುಂಬಾ ಸಲ ತೊಂದರೆಯೇ ಇರುವುದಿಲ್ಲ, ನಮ್ಮ ಅವಸರ ಅಷ್ಟೇ. ಮೊಳಕೆ ಬರಲು ಎಷ್ಟು ದಿನ ಬೇಕು ಎನ್ನುವುದನ್ನು ಮಣ್ಣಿನ ಬಿಸಿ ತೀರ್ಮಾನಿಸುತ್ತದೆ. ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 6 ದಿನ ಸಾಕು. 20 ಡಿಗ್ರಿಯಲ್ಲಿ ಸುಮಾರು 8 ದಿನ. 15 ಡಿಗ್ರಿಗೆ ಇಳಿದರೆ ಎರಡು ವಾರ. 10 ಡಿಗ್ರಿಯಲ್ಲಿ ಆರು ವಾರವೂ ಆಗಬಹುದು, ಅಷ್ಟರಲ್ಲಿ ಬಹಳಷ್ಟು ಬೀಜ ಕೊಳೆತೇ ಹೋಗುತ್ತವೆ. ಆ ಕಡೆ 35 ಡಿಗ್ರಿ ದಾಟಿದರೆ ಮೊಳಕೆ ಮತ್ತೆ ನಿಧಾನವಾಗುತ್ತದೆ. 40 ಡಿಗ್ರಿಯಲ್ಲಿ ಬರುವುದೇ ಇಲ್ಲ.

ಆಮೇಲೆ ಬಿಸಿ ಅಳೆಯಿರಿ. ಇಲ್ಲಿ ಹೇಳಿದ್ದು ಮಣ್ಣಿನ ಬಿಸಿ, ಕೋಣೆಯದ್ದಲ್ಲ. ಒದ್ದೆ ಮಣ್ಣಿನಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಹಾಗಾಗಿ ಮಣ್ಣು ಕೋಣೆಗಿಂತ ಒಂದೆರಡು ಡಿಗ್ರಿ ತಣ್ಣಗಿರುವುದು ಸಾಮಾನ್ಯ. ಟ್ರೇ ತಣ್ಣನೆಯ ಕಲ್ಲಿನ ನೆಲದ ಮೇಲೆ ಅಥವಾ ಕಿಟಕಿಯ ಗಾಜಿಗೆ ಒತ್ತಿಕೊಂಡು ಇದ್ದರೆ ಇನ್ನೂ ತಣ್ಣಗಿರುತ್ತದೆ. ಸಾದಾ ಥರ್ಮಾಮೀಟರಿನ ತುದಿಯನ್ನು ಬೀಜದ ಆಳಕ್ಕೆ ಚುಚ್ಚಿ, ಒಮ್ಮೆ ಬೆಳಗಿನ ಜಾವ, ಒಮ್ಮೆ ಮಧ್ಯಾಹ್ನ ನೋಡಿ. ಮಧ್ಯಾಹ್ನ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ರಾತ್ರಿಯಿಡೀ ಮಣ್ಣು ತಣ್ಣಗಿದ್ದರೆ ಹಗಲಿನ ಆ ಒಂದೆರಡು ಗಂಟೆಯ ಬಿಸಿ ಸಾಲದು.

ಮಣ್ಣು ತಣ್ಣಗಿದ್ದರೆ ಟ್ರೇಯನ್ನು ನೆಲದಿಂದ ಎತ್ತಿ ಹಲಗೆಯ ಮೇಲೋ ಥರ್ಮೋಕೋಲ್ ತುಂಡಿನ ಮೇಲೋ ಇಡಿ. ಮನೆಯಲ್ಲಿ ಹೆಚ್ಚು ಬೆಚ್ಚಗಿರುವ ಜಾಗಕ್ಕೆ ಸರಿಸಿ. ಮೊಳಕೆ ಬರುವವರೆಗೆ ಬೆಳಕು ಬೇಕಿಲ್ಲ, ಕತ್ತಲ ಮೂಲೆಯಾದರೂ ನಡೆಯುತ್ತದೆ.

ಬಿಸಿ ಜಾಸ್ತಿಯಾಗುವ ಕಡೆಯೂ ಗಮನವಿರಲಿ. ಪ್ಲಾಸ್ಟಿಕ್ ಮುಚ್ಚಿದ ಟ್ರೇಯನ್ನು ನೇರ ಬಿಸಿಲಿಗೆ ಇಟ್ಟರೆ ಒಳಗಿನ ಬಿಸಿ ನೋಡ ನೋಡುತ್ತಲೇ 40 ಡಿಗ್ರಿ ದಾಟುತ್ತದೆ. ಬೀಜ ಒಳಗೇ ಬೆಂದುಹೋಗುತ್ತದೆ. ಮುಚ್ಚಳವಿದ್ದರೆ ನೆರಳು ಬೇಕು, ಬಿಸಿಲಿದ್ದರೆ ಮುಚ್ಚಳ ತೆಗೆದಿರಬೇಕು.

ಈಗ ತೇವ. ಟ್ರೇಯ ಮೂಲೆಯಿಂದ ಚಿಟಿಕೆ ಮಣ್ಣು ತೆಗೆದು ಬೆರಳ ನಡುವೆ ಒತ್ತಿ. ನೀರು ತೊಟ್ಟಿಕ್ಕಿದರೆ ಜಾಸ್ತಿಯಾಗಿದೆ. ಉಂಡೆ ಕಟ್ಟದೆ ಪುಡಿಪುಡಿಯಾದರೆ ಕಡಿಮೆಯಾಗಿದೆ. ಒತ್ತಿದಾಗ ಅಂಟಿಕೊಂಡು, ಬೆರಳಿಗೆ ತಂಪು ಹತ್ತಿ, ನೀರು ಸುರಿಯದಿದ್ದರೆ ಅದೇ ಹದ. ಮೇಲ್ಪದರ ನೋಡಿ ನಿರ್ಧರಿಸಬೇಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿ ತಿಳಿ ಬಣ್ಣಕ್ಕೆ ತಿರುಗಿದ್ದರೂ ಕೆಳಗೆ ಜವಗುಟ್ಟುತ್ತಿರಬಹುದು. ಇದರ ಉಲ್ಟಾನೂ ಆಗುತ್ತದೆ. ಸ್ಪ್ರೇ ಬಾಟಲಿಯಿಂದ ಮೇಲೆ ಮಾತ್ರ ಒದ್ದೆ ಮಾಡುತ್ತಿದ್ದರೆ ಬೀಜದ ಮಟ್ಟಕ್ಕೆ ನೀರು ಇಳಿದೇ ಇರುವುದಿಲ್ಲ.

ಇಷ್ಟೂ ಸರಿಯಿದ್ದರೆ ಕೆದಕುವ ಸಮಯ. ನಿಮ್ಮ ಮಣ್ಣಿನ ಬಿಸಿಗೆ ಹೇಳಿದ ದಿನಗಳ ಮೇಲೆ ಇನ್ನೊಂದು ವಾರ ಕಾದಿದ್ದರೆ ಹಲ್ಲುಕಡ್ಡಿಯಿಂದ ಮೆಲ್ಲನೆ ಮಣ್ಣು ಸರಿಸಿ. ಎರಡು ಬೇರೆ ಬೇರೆ ಗುಳಿಗಳಲ್ಲಿ ನೋಡಿ, ಒಂದನ್ನೇ ನಂಬಬೇಡಿ. ಕಾಣುವುದು ಹೆಚ್ಚಾಗಿ ಈ ಐದರಲ್ಲಿ ಒಂದು.

*ಬೀಜ ಪೊಟ್ಟಣದಿಂದ ಈಗಷ್ಟೇ ಬಂದ ಹಾಗೆ ಗಟ್ಟಿಯಾಗಿ, ಒಣಗಿ ಇದೆ.* ನೀರು ಒಳಗೆ ಹೋಗಿಲ್ಲ. ಒಮ್ಮೆ ಪೂರ್ತಿ ಒಣಗಿದ ಕೋಕೋಪೀಟ್ ಅಥವಾ ಪೀಟ್ ಮಿಶ್ರಣ ನೀರನ್ನು ಬೇಗ ಹೀರುವುದಿಲ್ಲ, ನೀರು ಅಂಚಿನಲ್ಲಿ ಹರಿದು ಕೆಳಗೆ ಸೋರಿಹೋಗುತ್ತದೆ. ಟ್ರೇಯನ್ನು ಆಳವಿಲ್ಲದ ನೀರಿನ ತಟ್ಟೆಯಲ್ಲಿ 15-20 ನಿಮಿಷ ಇಡಿ. ಮೇಲ್ಮೈ ತಾನಾಗಿ ಕಪ್ಪಾದ ಮೇಲೆ ತೆಗೆದು ನೀರು ಸೋರಲು ಬಿಡಿ. ಬೀಜ ಹಾಳಾಗಿಲ್ಲ, ದಿನಗಳ ಲೆಕ್ಕ ಇವತ್ತಿನಿಂದ ಶುರು.

*ಉಬ್ಬಿದೆ, ಆದರೆ ಒತ್ತಿದರೆ ಗಟ್ಟಿಯಾಗಿದೆ. ಸೀಳಿ ನೋಡಿದರೆ ಒಳಗೆ ಬೆಳ್ಳಗಿದೆ.* ಇದು ಒಳ್ಳೆಯ ಸುದ್ದಿ. ಹೆಚ್ಚಾಗಿ ಇಂಥ ಬೀಜಕ್ಕೆ ಬಿಸಿ ಸಾಕಾಗಿರುವುದಿಲ್ಲ. ಬೆಚ್ಚಗೆ ಮಾಡಿ, ಕಾಯಿರಿ. ನೀರು ಸೇರಿಸಬೇಡಿ.

*ಒತ್ತಿದರೆ ಪಿಚಕ್ಕೆಂದು ಒಡೆಯುತ್ತದೆ, ಒಳಗೆ ಕಂದು ರಸ, ಕೆಟ್ಟ ವಾಸನೆ.* ಕೊಳೆತಿದೆ. ನೀರು ಜಾಸ್ತಿಯಾಗಿ ಗಾಳಿ ಸಿಕ್ಕಿಲ್ಲ, ಅಥವಾ ಬೀಜ ಮೊದಲೇ ಸತ್ತಿತ್ತು. ಎರಡರಲ್ಲಿ ಯಾವುದು ಎಂದು ತಿಳಿಯಲು ಕೆಳಗಿನ ಟಿಶ್ಯೂ ಪರೀಕ್ಷೆ ಮಾಡಿ. ಈ ಮಣ್ಣಿಗೆ ಮತ್ತೆ ಬೀಜ ಹಾಕಬೇಡಿ.

*ಬಿಳಿ ಬೇರು ಹೊರಬಂದಿದೆ, ಆದರೆ ತುದಿ ಕಂದಾಗಿದೆ ಅಥವಾ ಬಾಡಿದೆ.* ನನಗೆ ಜಾಸ್ತಿ ಬೇಸರ ತರಿಸುವುದು ಇದು. ಬೀಜ ತನ್ನ ಕೆಲಸ ಮಾಡಿತ್ತು. ಬೇರು ಬರುವ ಮೊದಲು ಬೀಜ ಸ್ವಲ್ಪ ಒಣಗಿದರೂ ತಡೆದುಕೊಳ್ಳಬಹುದು. ಬೇರು ಬಂದ ಮೇಲೆ ಒಂದು ಮಧ್ಯಾಹ್ನ ಒಣಗಿದರೂ ಸಾಕು, ಮುಗಿಯಿತು. ಮಣ್ಣು ಒಮ್ಮೆಯೂ ಒಣಗಿಲ್ಲ ಅಂತ ನಿಮಗೆ ಖಾತ್ರಿಯಿದ್ದರೆ ಉಪ್ಪಿನ ಮೇಲೆ ಅನುಮಾನ ಪಡಿ. ಪೂರ್ತಿ ಕಳಿಯದ ಗೊಬ್ಬರ, ಜಾಸ್ತಿ ಹಾಕಿದ ರಸಗೊಬ್ಬರ, ತೊಳೆಯದ ಕೋಕೋಪೀಟ್, ಈ ಮೂರೂ ಎಳೆ ಬೇರನ್ನು ಸುಡುತ್ತವೆ. ಮೊಳಕೆಗೆ ಗೊಬ್ಬರವೇ ಬೇಕಿಲ್ಲ. ಮೊದಲ ದಿನಗಳ ಊಟ ಬೀಜದೊಳಗೇ ಇದೆ. ಕೋಕೋಪೀಟನ್ನು ಒಳ್ಳೆಯ ನೀರಿನಲ್ಲಿ ನೆನೆಸಿ, ಹಿಂಡಿ, ಇನ್ನೊಮ್ಮೆ ತೊಳೆದು ಬಳಸಿ.

*ಬೀಜವೇ ಇಲ್ಲ.* ಇರುವೆ, ಇಲಿ, ಹಕ್ಕಿ, ಇಲ್ಲವೇ ನೀವೇ. ಜೋರಾಗಿ ನೀರು ಸುರಿದರೆ ಬೀಜ ಪಕ್ಕದ ಗುಳಿಗೆ ತೇಲಿಹೋಗುತ್ತದೆ, ಅಥವಾ ಆಳಕ್ಕೆ ಇಳಿಯುತ್ತದೆ. ಬೀಜ ಇರಬೇಕಾದ ಆಳ ಅರ್ಧ ಸೆಂಟಿಮೀಟರಿನಿಂದ 1 ಸೆಂಟಿಮೀಟರ್, ಅದಕ್ಕಿಂತ ಕೆಳಗೆ ಬೇಡ.

### ಟಿಶ್ಯೂ ಪರೀಕ್ಷೆ: ತಪ್ಪು ಬೀಜದ್ದೋ ಮಣ್ಣಿನದ್ದೋ?

ಇದನ್ನು ಬಿತ್ತುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು. ಟಿಶ್ಯೂ ಪೇಪರನ್ನು ಒದ್ದೆ ಮಾಡಿ, ಹಿಂಡಿದ ಸ್ಪಂಜಿನಷ್ಟು ತೇವ ಉಳಿಸಿ. ಅದರ ಮೇಲೆ 10 ಬೀಜ ದೂರ ದೂರ ಇಟ್ಟು, ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಕವರಿನ ಬಾಯಿ ಪೂರ್ತಿ ಬಿಗಿಯಬೇಡಿ, ಬೀಜಕ್ಕೂ ಉಸಿರಾಡಬೇಕು. 25-28 ಡಿಗ್ರಿ ಇರುವ ಜಾಗದಲ್ಲಿ ಇಟ್ಟು ಮೂರನೇ ದಿನದಿಂದ ದಿನಕ್ಕೊಮ್ಮೆ ತೆರೆದು ನೋಡಿ. ಹತ್ತು ದಿನಕ್ಕೆ ಲೆಕ್ಕ ಮುಗಿಸಿ.

8 ಅಥವಾ ಹೆಚ್ಚು ಮೊಳೆತರೆ ಬೀಜ ಚೆನ್ನಾಗಿದೆ, ತೊಂದರೆ ಮಣ್ಣಿನಲ್ಲೋ ನೀರಿನಲ್ಲೋ ಇದೆ. 4ರಿಂದ 7 ಬಂದರೆ ಬೀಜಕ್ಕೆ ವಯಸ್ಸಾಗಿದೆ, ಒಂದು ಗುಳಿಗೆ ಎರಡು ಮೂರು ಹಾಕಿ. ಅದಕ್ಕಿಂತ ಕಡಿಮೆಯಾದರೆ ಬೇರೆ ಬೀಜ ತನ್ನಿ. ಆ ತಳಿ ನಿಮಗೆ ಅಪರೂಪದ್ದಾಗಿದ್ದರೆ ಮಾತ್ರ ಉಳಿದ ಎಲ್ಲಾ ಬೀಜವನ್ನೂ ಟಿಶ್ಯೂನಲ್ಲೇ ಮೊಳೆಯಿಸಿ. ಬೇರು ಅರ್ಧ ಸೆಂಟಿಮೀಟರ್ ಆಗುವುದರೊಳಗೆ ಮಣ್ಣಿಗೆ ಇಳಿಸಿ. ಬೀಜದ ಸಿಪ್ಪೆಯನ್ನು ಹಿಡಿದು ಎತ್ತಿ, ಬೇರನ್ನು ಮುಟ್ಟಬೇಡಿ. ಬೇರು ಕಾಗದದೊಳಗೆ ನುಗ್ಗಿದ್ದರೆ ಕಾಗದದ ಸಮೇತ ನೆಡಿ.

ತಂಪಾದ ಒಣ ಜಾಗದಲ್ಲಿಟ್ಟ ಟೊಮೆಟೊ ಬೀಜ ಸಾಮಾನ್ಯವಾಗಿ 4-5 ವರ್ಷ ಚೆನ್ನಾಗಿ ಮೊಳೆಯುತ್ತದೆ. ಸೆಕೆ ಮತ್ತು ತೇವ ಎರಡೂ ಇರುವ ಕಡೆ ಇಟ್ಟರೆ ಅಷ್ಟು ಬಾಳುವುದಿಲ್ಲ. ಹಳೆಯ ಬೀಜವನ್ನು ಬಿತ್ತುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ 6-8 ಗಂಟೆ ನೆನೆಸಬಹುದು. ಒಂದು ದಿನಕ್ಕಿಂತ ಜಾಸ್ತಿ ನೀರಿನಲ್ಲಿ ಮುಳುಗಿಸಿಟ್ಟರೆ ಗಾಳಿಯಿಲ್ಲದೆ ಬೀಜ ಸಾಯಬಹುದು.

ಎಚ್ಚರಿಕೆ: ಬೀಜ ಗುಲಾಬಿ, ನೀಲಿ, ಹಸಿರು ಹೀಗೆ ಬಣ್ಣ ಬಳಿದುಕೊಂಡಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರಬಹುದು. ಪೊಟ್ಟಣದ ಮೇಲಿನ ಸೂಚನೆ ಓದಿ. ಅಂಥ ಬೀಜವನ್ನು ಕೈಗವಸು ಹಾಕಿ ಮುಟ್ಟಿ, ಅಡುಗೆ ಪಾತ್ರೆಯಲ್ಲಿ ನೆನೆಸಬೇಡಿ, ಮಕ್ಕಳ ಮತ್ತು ಸಾಕುಪ್ರಾಣಿಗಳ ಕೈಗೆ ಸಿಗದಂತೆ ಇಡಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಪದಾರ್ಥ ಕಣ್ಣಿಗೆ ಹೋದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಪೊಟ್ಟಣ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

## ಅರ್ಧ ಬಂದಿವೆ, ಅರ್ಧ ಬಂದಿಲ್ಲ

ಎದ್ದು ನಿಂತು ಟ್ರೇಯನ್ನು ಮೇಲಿನಿಂದ ನೋಡಿ. ಯಾವ ಗುಳಿಗಳು ಖಾಲಿ?

ಅಂಚಿನ ಗುಳಿಗಳೇ ಖಾಲಿಯಿದ್ದರೆ ಅಲ್ಲಿ ಮಣ್ಣು ಬೇಗ ಒಣಗುತ್ತಿದೆ. ಒಂದೇ ಕಡೆಯವು ಖಾಲಿಯಿದ್ದರೆ ಆ ಬದಿ ತಣ್ಣಗಿದೆ, ಅಥವಾ ಟ್ರೇ ವಾಲಿಕೊಂಡು ನೀರೆಲ್ಲ ಆ ಬದಿಗೆ ಸೇರುತ್ತಿದೆ. ದಿನಕ್ಕೊಮ್ಮೆ ಟ್ರೇ ತಿರುಗಿಸಿಟ್ಟರೆ ತಣ್ಣನೆಯ ಬದಿಯ ತೊಂದರೆ ಸರಿಹೋಗುತ್ತದೆ. ಖಾಲಿ ಗುಳಿಗಳು ಅಲ್ಲಲ್ಲಿ ಚದುರಿದ್ದರೆ ಬೀಜದ ವಯಸ್ಸು ಅಥವಾ ಆಳದ ವ್ಯತ್ಯಾಸ ಕಾರಣ. ಒಂದು ತಳಿಯ ಸಾಲು ಪೂರ್ತಿ ಖಾಲಿಯಿದ್ದು ಪಕ್ಕದ ತಳಿ ಚೆನ್ನಾಗಿ ಬಂದಿದ್ದರೆ ಮಣ್ಣಿನ ಮೇಲೆ ಅನುಮಾನ ಬೇಡ, ಅದು ಬೀಜದ್ದೇ ತೊಂದರೆ.

ತೋಟದ ಮಣ್ಣನ್ನೇ ಟ್ರೇಗೆ ತುಂಬಿದ್ದರೆ ಮೇಲ್ಪದರ ಹೆಪ್ಪುಗಟ್ಟಿದೆಯೇ ನೋಡಿ. ಮೊಳಕೆ ಕೊಕ್ಕೆಯಂತೆ ಬಗ್ಗಿಕೊಂಡು ಆ ಹೆಪ್ಪಿನ ಕೆಳಗೆ ಸಿಕ್ಕಿಬಿದ್ದಿರುತ್ತದೆ. ನೀರು ಚಿಮುಕಿಸಿ ಮೃದು ಮಾಡಿ, ಹಲ್ಲುಕಡ್ಡಿಯಿಂದ ಹೆಪ್ಪನ್ನು ಒಡೆಯಿರಿ. ಮೊಳಕೆಯನ್ನು ಎಳೆಯಬೇಡಿ, ಅದು ತಾನೇ ಬರುತ್ತದೆ.

ಹಣ್ಣಿನಿಂದ ನೀವೇ ತೆಗೆದ ಬೀಜವಾಗಿದ್ದರೆ ಇನ್ನೊಂದು ಕಾರಣವಿದೆ. ಹಣ್ಣಿನೊಳಗೆ ಪ್ರತಿ ಬೀಜದ ಸುತ್ತಲೂ ಲೋಳೆ ಇರುತ್ತದೆ. ಬೀಜ ಹಣ್ಣಿನಲ್ಲೇ ಮೊಳೆಯದಂತೆ ತಡೆಯುವ ಪದಾರ್ಥ ಅದರಲ್ಲಿದೆ. ಲೋಳೆ ಸಮೇತ ಒಣಗಿಸಿದ ಬೀಜ ನಿಧಾನವಾಗಿ, ಒಂದೊಂದಾಗಿ ಮೊಳೆಯುತ್ತದೆ. ಮುಂದಿನ ಸಲ ಬೀಜವನ್ನು ಅದರ ರಸದೊಂದಿಗೇ ಗಾಜಿನ ಲೋಟದಲ್ಲಿ 2-3 ದಿನ ಹುಳಿಯಲು ಬಿಡಿ. ಆಮೇಲೆ ಚೆನ್ನಾಗಿ ತೊಳೆದು, ತಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಿ. ಜಾಸ್ತಿ ದಿನ ಬಿಟ್ಟರೆ ಲೋಟದಲ್ಲೇ ಮೊಳಕೆ ಬಂದುಬಿಡುತ್ತದೆ.

## ಮೇಲೆ ಬಂದಿದೆ, ಆದರೆ ಬೀಜದ ಸಿಪ್ಪೆ ತಲೆಯ ಮೇಲೇ ಕೂತಿದೆ

ಮೊಳಕೆ ಮಣ್ಣನ್ನು ತಳ್ಳಿಕೊಂಡು ಬರುವಾಗ ಮಣ್ಣಿಗೆ ಉಜ್ಜಿ ಸಿಪ್ಪೆ ಕಳಚಿಕೊಳ್ಳುತ್ತದೆ. ಬೀಜ ತೀರಾ ಮೇಲೆ ಇದ್ದರೆ, ಮಣ್ಣು ಸಡಿಲವಾಗಿದ್ದರೆ ಅಥವಾ ಗಾಳಿ ಒಣಗಿದ್ದರೆ ಸಿಪ್ಪೆ ಅಂಟಿಕೊಂಡು ಉಳಿಯುತ್ತದೆ. ಒಂದು ದಿನ ಕಾಯಿರಿ, ಬಹಳಷ್ಟು ಸಸಿಗಳು ತಾವೇ ಬಿಡಿಸಿಕೊಳ್ಳುತ್ತವೆ. ಆಗದಿದ್ದರೆ ಸಿಪ್ಪೆಯ ಮೇಲೆ ಒಂದು ಹನಿ ನೀರು ಇಟ್ಟು, ಟ್ರೇ ಮುಚ್ಚಿ, ಮೂರು ನಾಲ್ಕು ಗಂಟೆ ಬಿಡಿ. ಮೆತ್ತಗಾದ ಮೇಲೆ ಒಂದು ಕೈಯಲ್ಲಿ ಕಾಂಡಕ್ಕೆ ಆಸರೆ ಕೊಟ್ಟು, ಚಿಮಟದಿಂದ ಸಿಪ್ಪೆಯ ಅಂಚನ್ನು ಬಿಡಿಸಿ. ಒಣಗಿರುವಾಗ ಎಳೆದರೆ ಬೀಜದೆಲೆಗಳ (ಮೊಳಕೆಯಲ್ಲಿ ಮೊದಲು ಬಿಚ್ಚುವ ಎರಡು ಎಲೆಗಳ) ಜೊತೆ ಕುಡಿಯೂ ಕಿತ್ತುಬರುತ್ತದೆ. ಒಂದು ಬೀಜದೆಲೆ ಹರಿದರೂ ಸಸಿ ಬದುಕುತ್ತದೆ. ಎರಡೂ ಹೋಗಿ ಕುಡಿಯೂ ಹೋದರೆ ಅದನ್ನು ಬಿಟ್ಟುಬಿಡಿ.

## ಸಸಿ ಉದ್ದವಾಗಿ, ಸಣಕಲಾಗಿ ಒಂದೇ ಕಡೆ ವಾಲಿದೆ

ಬೆಳಕು ಸಾಲದು, ಅಷ್ಟೇ. ಗೊಬ್ಬರ ಹಾಕಿದರೆ ಇನ್ನೂ ಉದ್ದವಾಗುತ್ತದೆ. ಮೊದಲ ಮೊಳಕೆ ಕಂಡ ದಿನವೇ ಮುಚ್ಚಳ ತೆಗೆದು ಬೆಳಕಿಗೆ ಇಡಬೇಕು. ಎಲ್ಲಾ ಬರಲಿ ಎಂದು ಕತ್ತಲಲ್ಲಿ ಇನ್ನೆರಡು ದಿನ ಇಟ್ಟರೆ ಮೊದಲು ಬಂದವು ಹಾಳಾಗುತ್ತವೆ.

ನಮ್ಮ ಕಣ್ಣಿಗೆ ಬೆಳಕಾಗಿ ಕಾಣುವ ಕಿಟಕಿ ಸಸಿಗೆ ಮಂಕು. ದೀಪ ಬಳಸುವುದಾದರೆ ಸಾದಾ ಎಲ್‌ಇಡಿ ಟ್ಯೂಬ್ ಸಾಕು, ಆದರೆ ಅದು ಸಸಿಯ ತಲೆಯಿಂದ 5ರಿಂದ 10 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಸಸಿ ಬೆಳೆದ ಹಾಗೆ ಟ್ಯೂಬನ್ನೂ ಏರಿಸುತ್ತಾ ಹೋಗಿ. ದಿನಕ್ಕೆ 14ರಿಂದ 16 ಗಂಟೆ ಉರಿಸಿ, ರಾತ್ರಿ ಆರಿಸಿ. 24 ಗಂಟೆಯೂ ಬೆಳಕು ಕೊಟ್ಟರೆ ಟೊಮೆಟೊ ಎಲೆ ಹಳದಿಯಾಗಿ ಕೆಡುತ್ತದೆ, ಅದಕ್ಕೆ ಕತ್ತಲೂ ಬೇಕು.

ಆಗಲೇ ಉದ್ದವಾಗಿದ್ದರೆ ಎಸೆಯಬೇಡಿ. ಟೊಮೆಟೊ ಕಾಂಡಕ್ಕೆ ಒಂದು ದೊಡ್ಡ ಗುಣವಿದೆ, ಮಣ್ಣಿನೊಳಗೆ ಹೋದ ಕಡೆಯೆಲ್ಲಾ ಬೇರು ಬಿಡುತ್ತದೆ. ಎರಡು ನಿಜವಾದ ಎಲೆ, ಅಂದರೆ ಬೀಜದೆಲೆಯ ನಂತರ ಬರುವ ಎಲೆ, ಬಂದ ಮೇಲೆ ಬೀಜದೆಲೆಯ ಬುಡದವರೆಗೂ ಮುಚ್ಚುವ ಹಾಗೆ ಬೇರೆ ಕುಂಡಕ್ಕೆ ನೆಡಿ. ಸಸಿಯನ್ನು ಎತ್ತುವಾಗ ಎಲೆಯನ್ನು ಹಿಡಿಯಿರಿ, ಕಾಂಡವನ್ನಲ್ಲ. ಎಲೆ ಹೋದರೆ ಮತ್ತೆ ಬರುತ್ತದೆ, ಕಾಂಡ ಜಜ್ಜಿಹೋದರೆ ಸಸಿಯೇ ಹೋಯಿತು.

## ನಿನ್ನೆ ನೆಟ್ಟಗೆ ನಿಂತಿತ್ತು, ಇವತ್ತು ಮಲಗಿದೆ

ಇಲ್ಲಿ ಗಡಿಬಿಡಿ ಮಾಡಿ ನೀರು ಹಾಕಿದರೆ ಟ್ರೇ ಪೂರ್ತಿ ಹೋಗಬಹುದು. ಮೊದಲು ಬಗ್ಗಿ, ಕಾಂಡವು ಮಣ್ಣನ್ನು ಮುಟ್ಟುವ ಜಾಗವನ್ನು ನೋಡಿ.

ಮಣ್ಣು ಒಣಗಿದೆ, ಕುಂಡ ಹಗುರವಾಗಿದೆ, ಕಾಂಡ ಬುಡದಲ್ಲೂ ದಪ್ಪಗೆ ಹಸಿರಾಗಿದೆ ಎಂದಾದರೆ ಬಾಯಾರಿಕೆ. ಟ್ರೇಯನ್ನು ನೀರಿನ ತಟ್ಟೆಯಲ್ಲಿಡಿ, ಕೆಲವು ಗಂಟೆಯಲ್ಲಿ ಏಳುತ್ತದೆ.

ಕಾಂಡ ಬುಡದಲ್ಲಿ ಕತ್ತರಿಸಿದಂತೆ ತುಂಡಾಗಿದ್ದರೆ ಹುಳದ ಕೆಲಸ. ಕತ್ತರಿಸುವ ಹುಳ ಹಗಲು ಮಣ್ಣಿನಲ್ಲಿ ಅಡಗಿದ್ದು ರಾತ್ರಿ ಬರುತ್ತದೆ. ಸುತ್ತಲಿನ ಮಣ್ಣನ್ನು ಎರಡು ಮೂರು ಸೆಂಟಿಮೀಟರ್ ಕೆದಕಿದರೆ ಸುರುಳಿ ಸುತ್ತಿಕೊಂಡು ಸಿಗುತ್ತದೆ. ಎಲೆಯ ಮೇಲೆ ಹೊಳೆಯುವ ಲೋಳೆಯ ಗೆರೆ ಇದ್ದರೆ ಬಸವನಹುಳ.

ಬುಡ ನೀರು ಕುಡಿದಂತೆ ಕಪ್ಪಾಗಿ, ದಾರದಷ್ಟು ಸಣ್ಣಗಾಗಿ, ಎಲೆ ಇನ್ನೂ ಹಸಿರಿರುವಾಗಲೇ ಸಸಿ ಮಗುಚಿದ್ದರೆ ಅದು ಸಸಿ ಕೊಳೆ ರೋಗ. ಪಿಥಿಯಮ್, ರೈಜೊಕ್ಟೋನಿಯಾದಂಥ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಪಿಥಿಯಮ್ಮಿಗೆ ಜವಗು ಮಣ್ಣೆಂದರೆ ಪ್ರೀತಿ. ಬಿದ್ದ ಸಸಿಗೆ ಔಷಧಿಯಿಲ್ಲ, ಅದು ಏಳುವುದಿಲ್ಲ. ದಾಲ್ಚಿನ್ನಿ ಪುಡಿ ಉದುರಿಸಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ ಅಲ್ವಾ? ನಾನು ಅದನ್ನು ನಂಬಿ ಕೂರುವುದಿಲ್ಲ. ಉಳಿದ ಸಸಿಗಳನ್ನು ಕಾಪಾಡುವುದು ನೀರು ಕಡಿಮೆ ಮಾಡುವುದು ಮತ್ತು ಗಾಳಿ ಕೊಡುವುದು, ಇವೆರಡೇ.

ಮಾಡಬೇಕಾದದ್ದು ಈ ಕ್ರಮದಲ್ಲಿ. ಬಿದ್ದ ಸಸಿಯನ್ನು ಸುತ್ತಲಿನ ಮಣ್ಣಿನ ಸಮೇತ ಚಮಚದಿಂದ ತೆಗೆದು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಮುಚ್ಚಳ ತೆಗೆಯಿರಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಚಿಕ್ಕ ಫ್ಯಾನನ್ನು ದೂರದಲ್ಲಿಟ್ಟು, ಎಲೆ ಅಲುಗಿದರೆ ಸಾಕು ಎನ್ನುವಷ್ಟು ಗಾಳಿ ಬಿಡಿ. ಮೇಲ್ಪದರ ಒಣಗಿದ ಮೇಲೆಯೇ, ಕೆಳಗಿನಿಂದ ಮಾತ್ರ ನೀರು ಕೊಡಿ. ಚೆನ್ನಾಗಿರುವ ಸಸಿಗಳಿಗೆ ಎರಡು ನಿಜವಾದ ಎಲೆ ಬಂದಿದ್ದರೆ ಅವನ್ನು ಹೊಸ ಮಣ್ಣಿಗೆ ಸಾಗಿಸಿ. ದಿನವೂ ಮತ್ತೆ ಮತ್ತೆ ಸಸಿ ಬೀಳುತ್ತಲೇ ಇದ್ದರೆ ಆ ಟ್ರೇಯನ್ನು ಕೈಬಿಡಿ. ಅದರ ಮೇಲೆ ಇನ್ನೊಂದು ವಾರ ಕಳೆಯುವುದಕ್ಕಿಂತ ಹೊಸದಾಗಿ ಬಿತ್ತುವುದು ಬೇಗ.

ಆ ಮಣ್ಣನ್ನು ಮತ್ತೆ ಮೊಳಕೆಗೆ ಬಳಸಬೇಡಿ. ಟ್ರೇಯನ್ನು ಸೋಪಿನಿಂದ ಉಜ್ಜಿ ತೊಳೆದು, 1 ಭಾಗ ಬ್ಲೀಚ್ ದ್ರಾವಣಕ್ಕೆ 9 ಭಾಗ ನೀರು ಬೆರೆಸಿ ಅದರಲ್ಲಿ 10 ನಿಮಿಷಕ್ಕಿಂತ ಹೆಚ್ಚು ಮುಳುಗಿಸಿಡಿ. ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಇದನ್ನು ಗಾಳಿಯಾಡುವ ಜಾಗದಲ್ಲಿ, ಕೈಗವಸು ಹಾಕಿಕೊಂಡು ಮಾಡಿ. ಬ್ಲೀಚಿಗೆ ವಿನೆಗರ್, ಆ್ಯಸಿಡ್, ಅಮೋನಿಯಾ ಇರುವ ಕ್ಲೀನರ್ ಯಾವುದನ್ನೂ ಬೆರೆಸಬೇಡಿ. ವಿಷಗಾಳಿ ಹುಟ್ಟುತ್ತದೆ.

## ಮಣ್ಣಿನ ಮೇಲೆ ಬಿಳಿ ಬೂಷ್ಟು, ಪಾಚಿ, ಸಣ್ಣ ಕಪ್ಪು ನೊಣ

ಮೂರೂ ಹೇಳುವುದು ಒಂದೇ ಮಾತು: ಮೇಲ್ಪದರ ಸದಾ ಒದ್ದೆಯಾಗಿದೆ. ಬಿಳಿ ಬೂಷ್ಟು ಹೆಚ್ಚಾಗಿ ಮಣ್ಣಿನಲ್ಲಿರುವ ಸತ್ತ ಪದಾರ್ಥವನ್ನು ತಿನ್ನುವಂಥದ್ದು, ಸಸಿಗೆ ನೇರ ಕೇಡಿಲ್ಲ. ಕಡ್ಡಿಯಿಂದ ಮೇಲ್ಪದರ ಕೆದರಿ, ಗಾಳಿ ಬಿಡಿ. ಪಾಚಿಯನ್ನೂ ಹಾಗೇ ಕೆರೆದು ತೆಗೆಯಿರಿ.

ನೊಣ ಮಾತ್ರ ಸುಮ್ನೆ ಬಿಡುವಂಥದ್ದಲ್ಲ. ಹಾರುವ ನೊಣ ಕಚ್ಚುವುದಿಲ್ಲ, ಆದರೆ ಅದರ ಮರಿಹುಳ ಮಣ್ಣಿನಲ್ಲಿ ಎಳೆ ಬೇರು ತಿನ್ನುತ್ತದೆ. ಎರಡು ನೀರಿನ ನಡುವೆ ಮೇಲಿನ 1 ಸೆಂಟಿಮೀಟರ್ ಒಣಗಲು ಬಿಡಿ, ಟ್ರೇ ಪಕ್ಕ ಹಳದಿ ಅಂಟು ಹಾಳೆ ನಿಲ್ಲಿಸಿ. ಹಾಳೆಗೆ ಬೀಳುವ ನೊಣ ದಿನೇ ದಿನೇ ಕಡಿಮೆಯಾದರೆ ಗೆದ್ದಿರಿ.

## ಎಲೆಯ ಬಣ್ಣ ಅಥವಾ ಆಕಾರ ಸರಿಯಿಲ್ಲ

ಎಲೆಯ ಅಡಿಭಾಗ ನೇರಳೆಯಾಗಿದ್ದರೆ ಹೆಚ್ಚಾಗಿ ಚಳಿ ಕಾರಣ. ಬೇರು ತಣ್ಣಗಿದ್ದಾಗ ರಂಜಕವನ್ನು ಸರಿಯಾಗಿ ಹೀರಲಾರದು. ರಂಜಕದ ಗೊಬ್ಬರ ಕೊಳ್ಳುವ ಮೊದಲು ಒಂದು ವಾರ ಬೆಚ್ಚಗೆ ಇಟ್ಟು ನೋಡಿ, ಹೊಸ ಎಲೆ ಹಸಿರಾಗಿ ಬಂದರೆ ಸಾಕು.

ನಿಜವಾದ ಎಲೆಗಳು ನಾಲ್ಕೈದು ಬಂದ ಮೇಲೆ ಬೀಜದೆಲೆ ಹಳದಿಯಾಗಿ ಉದುರುವುದು ಸಹಜ. ಅದಕ್ಕೂ ಮೊದಲೇ ಹಳದಿಯಾದರೆ ಮಣ್ಣು ಒದ್ದೆಯೇ ನೋಡಿ. ಒದ್ದೆಯಲ್ಲದಿದ್ದರೆ, ಬರೀ ಕೋಕೋಪೀಟಿನಲ್ಲಿ ಬೆಳೆಸುತ್ತಿದ್ದರೆ, ಹಸಿವು ಇರಬಹುದು. ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗದಷ್ಟು ತೆಳುವಾದ ದ್ರವ ಗೊಬ್ಬರ ವಾರಕ್ಕೊಮ್ಮೆ ಕೊಡಿ.

ಎರಡು ಬೀಜದೆಲೆ ದಪ್ಪಗೆ ಬೆಳೆಯುತ್ತಿವೆ, ನಡುವೆ ಕುಡಿಯೇ ಇಲ್ಲ ಎಂದಾದರೆ ಅದು ಕುರುಡು ಸಸಿ. ಎರಡು ವಾರ ಕಾದು, ಕುಡಿ ಬರದಿದ್ದರೆ ತೆಗೆಯಿರಿ.

ಹೊಸ ಎಲೆ ದಾರದಂತೆ ಸಣ್ಣಗೆ, ತಿರುಚಿಕೊಂಡು, ಒಳಕ್ಕೆ ಬಟ್ಟಲಿನ ಆಕಾರದಲ್ಲಿ ಮುದುರಿಕೊಂಡು ಬರುತ್ತಿದ್ದರೆ ನೀವು ಹಾಕಿದ ಗೊಬ್ಬರದ ಮೂಲ ವಿಚಾರಿಸಿ. ಹುಲ್ಲುಗಾವಲಿಗೆ ಹೊಡೆಯುವ ಅಮಿನೊಪೈರಾಲಿಡ್, ಕ್ಲೋಪೈರಾಲಿಡ್ ಎಂಬ ಕಳೆನಾಶಕಗಳು ಹುಲ್ಲು ತಿಂದ ದನದ ಸಗಣಿಯಲ್ಲೂ ಉಳಿಯುತ್ತವೆ. ಕಳಿತ ಗೊಬ್ಬರದಲ್ಲೂ ತಿಂಗಳುಗಟ್ಟಲೆ ಹೋಗುವುದಿಲ್ಲ. ಟೊಮೆಟೊ ಇವಕ್ಕೆ ತುಂಬಾ ಸೂಕ್ಷ್ಮ. ಪರೀಕ್ಷೆ ಸುಲಭ. ಒಂದು ಕುಂಡದಲ್ಲಿ ಅನುಮಾನದ ಮಿಶ್ರಣ, ಇನ್ನೊಂದರಲ್ಲಿ ಬರೀ ತೊಳೆದ ಕೋಕೋಪೀಟ್ ಹಾಕಿ, ಎರಡರಲ್ಲೂ ಮೂರು ನಾಲ್ಕು ಹುರುಳಿಕಾಯಿ ಗಿಡದ ಬೀಜ ಊರಿ. ಎರಡು ಮೂರು ವಾರದಲ್ಲಿ ಮೊದಲ ಕುಂಡದಲ್ಲಿ ಮಾತ್ರ ಎಲೆ ತಿರುಚಿ ಬಂದರೆ ಅನುಮಾನ ನಿಜ. ಆ ಗೊಬ್ಬರವನ್ನು ತರಕಾರಿಗೆ ಹಾಕಬೇಡಿ.

## ಕರೆಂಟು, ಮಣ್ಣು ಮತ್ತು ಕೈ

ಬೇರೆಲ್ಲಾ ಮಾಡಿಯೂ ಬಿಸಿ ಸಾಲದಿದ್ದರೆ ಮಾತ್ರ ಹೀಟ್ ಮ್ಯಾಟ್ (ಟ್ರೇಯ ಕೆಳಗಿಡುವ, ಕರೆಂಟಿನಿಂದ ಬಿಸಿಯಾಗುವ ಹಾಳೆ) ಕೊಳ್ಳಿ. ಸಸಿಗೆಂದೇ ಮಾಡಿದ್ದನ್ನು ಕೊಳ್ಳಿ, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇರಲಿ, ಅದರ ತುದಿಯನ್ನು ಮಣ್ಣಿನೊಳಗೆ ಇಡಿ. ನೋವಿಗೆ ಕಾವು ಕೊಡುವ ಪ್ಯಾಡನ್ನು ಒದ್ದೆ ಟ್ರೇಯ ಕೆಳಗೆ ಇಡಲೇಬೇಡಿ. ಪ್ಲಗ್ ಟ್ರೇಗಿಂತ ಮೇಲಿರಲಿ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವಂತೆ ಬಿಡಿ. ಆಗ ಜಾರಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ವೈರು ಸುಲಿದಿದ್ದರೆ, ಮುಟ್ಟಿದಾಗ ಜುಮ್ ಎಂದರೆ ಮೈನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಮೊಳಕೆ ಬಂದ ಮೇಲೆ ಮ್ಯಾಟ್ ತೆಗೆಯಿರಿ, ಸಸಿಗೆ 18-22 ಡಿಗ್ರಿ ಸಾಕು.

ಮಣ್ಣಿಗೆ ಬೆರೆಸುವ ಒಣ ಪರ್ಲೈಟ್, ವರ್ಮಿಕ್ಯುಲೈಟ್ (ಎರಡೂ ಹಗುರವಾದ ಖನಿಜದ ಹರಳು), ಕೋಕೋಪೀಟನ್ನು ಮೊದಲು ಒದ್ದೆ ಮಾಡಿ, ಆಮೇಲೆ ಕಲಸಿ. ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕುಂಡದ ಮಣ್ಣಿನ ಚೀಲದ ಮೇಲೆ ಮುಖ ಬಗ್ಗಿಸಿ ತೆರೆಯಬೇಡಿ. ಅಂಥ ಮಿಶ್ರಣದಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಇರಬಹುದು. ಮಾಸ್ಕ್ ಹಾಕಿ, ಮುಗಿದ ಮೇಲೆ ಕೈ ತೊಳೆಯಿರಿ. ಟೊಮೆಟೊ ಮೊಳಕೆಯನ್ನು ಕಾಳಿನ ಮೊಳಕೆಯಂತೆ ತಿನ್ನಬಾರದು, ಅದರ ಎಲೆ ಕಾಂಡದಲ್ಲಿ ಟೊಮ್ಯಾಟಿನ್ ಎಂಬ ಕಹಿ ವಿಷ ಇರುತ್ತದೆ.

## ಯಾವಾಗ ಬೇರೆಯವರ ಸಹಾಯ ಕೇಳಬೇಕು

ಟಿಶ್ಯೂನಲ್ಲಿ ಚೆನ್ನಾಗಿ ಮೊಳೆಯುವ ಬೀಜ, ಹೊಸ ಮಣ್ಣು, ತೊಳೆದ ಟ್ರೇ ಎಲ್ಲ ಇದ್ದೂ ಸಸಿ ಮತ್ತೆ ಮತ್ತೆ ಸಾಯುತ್ತಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ. ನೀರಿನಲ್ಲಿ ಉಪ್ಪು ಜಾಸ್ತಿಯಿರಬಹುದು. ಅಲ್ಲಿಯವರೆಗೆ ಮಳೆನೀರಿನಲ್ಲಿ ಒಂದು ಚಿಕ್ಕ ಟ್ರೇ ಬೆಳೆಸಿ ನೋಡಿ. ಅದು ಚೆನ್ನಾಗಿ ಬಂದರೆ ಅರ್ಧ ಉತ್ತರ ಸಿಕ್ಕಂತೆಯೇ.

ಎಲೆಯ ಮೇಲೆ ಹಳದಿ ಅಂಚಿನ ಕಪ್ಪು ಚುಕ್ಕೆಗಳು, ಹಸಿರು-ಹಳದಿ ಮಚ್ಚೆಗಳು ಕಂಡು, ಒಂದು ಸಸಿಯಿಂದ ಇನ್ನೊಂದಕ್ಕೆ ಹಬ್ಬುತ್ತಿದ್ದರೆ ಅದು ಬ್ಯಾಕ್ಟೀರಿಯಾ ಅಥವಾ ವೈರಸ್ ರೋಗ ಇರಬಹುದು. ಬೀಜದಿಂದಲೇ ಬಂದಿರುವ ಸಾಧ್ಯತೆಯೂ ಇದೆ. ಇಲ್ಲಿ ಮನೆಮದ್ದು ಮಾಡುತ್ತಾ ಕೂರಬೇಡಿ. ಆ ಟ್ರೇಯನ್ನು ಬೇರೆ ಗಿಡಗಳಿಂದ ದೂರ ಇಟ್ಟು ತೋಟಗಾರಿಕೆ ತಜ್ಞರಿಗೋ ಸಸ್ಯರೋಗ ಪ್ರಯೋಗಾಲಯಕ್ಕೋ ತೋರಿಸಿ. ಪೂರ್ತಿ ಸತ್ತ ಸಸಿ ಒಯ್ದರೆ ಅವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಈಗಷ್ಟೇ ಲಕ್ಷಣ ಶುರುವಾದ ಎರಡು ಮೂರು ಸಸಿಗಳನ್ನು ಬೇರು ಮತ್ತು ಮಣ್ಣಿನ ಸಮೇತ ತೆಗೆದು ಒಯ್ಯಿರಿ. ಜೊತೆಗೆ ಬೀಜದ ಪೊಟ್ಟಣ, ಬಿತ್ತಿದ ತಾರೀಖು, ನೀವು ಅಳೆದ ಮಣ್ಣಿನ ಬಿಸಿ ಬರೆದ ಚೀಟಿಯೂ ಇರಲಿ.